ಒತ್ತಡದಲ್ಲೂ ಒಡೆಯದ ತಂಡ ಕಟ್ಟುವುದು ಹೇಗೆ

ಒಂದು ತಂಡ ಗಟ್ಟಿ ಇದೆಯೋ ಇಲ್ಲವೋ ಅಂತ ತಿಳಿಯಲು ನಾನು ನೋಡುವುದು ಒಂದೇ ವಿಷಯ. ಕೆಟ್ಟ ಸುದ್ದಿ ಲೀಡರ್ ಕಿವಿಗೆ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ? ಒಟ್ಟಿಗೆ ಊಟ ಮಾಡುತ್ತಾರೆ, ಗ್ರೂಪಿನಲ್ಲಿ ಜೋಕ್ ಹಾಕುತ್ತಾರೆ, ಎಲ್ಲ ಸರಿ. ಆದರೆ "ಸರ್, ಇದು ತಪ್ಪಾಗ್ತಿದೆ" ಅನ್ನಲು ಅವರಲ್ಲಿ ಕಿರಿಯನಿಗೆ ಅರ್ಧ ನಿಮಿಷ ಸಾಕಾ, ಅರ್ಧ ಗಂಟೆ ಬೇಕಾ?

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ ಏರ್‌ಲೈನ್ಸ್ ಕಂಪನಿಯ 173 ಸಂಖ್ಯೆಯ ವಿಮಾನದ ಚಕ್ರ ಸರಿಯಾಗಿ ಇಳಿದಿದೆಯಾ ಅನ್ನುವ ಅನುಮಾನ ಬಂತು. ಕ್ಯಾಪ್ಟನ್ ಅದರಲ್ಲೇ ಮುಳುಗಿಹೋದರು. ಸುಮಾರು ಒಂದು ಗಂಟೆ ವಿಮಾನ ಸುತ್ತು ಹಾಕುತ್ತಲೇ ಇತ್ತು. ಇಂಧನ ಇಳಿಯುತ್ತಿದ್ದದ್ದು ಜೊತೆಯವರಿಗೆ ಕಾಣುತ್ತಿತ್ತು. ಮಾತೂ ಎತ್ತಿದರು, ಆದರೆ ಮೆತ್ತಗೆ, ಸುಳಿವು ಕೊಟ್ಟ ಹಾಗೆ. ಈಗಲೇ ಇಳಿಸಬೇಕು ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 10 ಜನ ಸತ್ತರು. ಆ ಕಾಕ್‌ಪಿಟ್‌ನಲ್ಲಿ ಕೆಲಸ ಬರದವರು ಯಾರೂ ಇರಲಿಲ್ಲ. ವಿಷಯ ಗೊತ್ತಿತ್ತು, ಅದು ತಲುಪಬೇಕಾದ ಕಿವಿಗೆ ತಲುಪಲಿಲ್ಲ, ಅಷ್ಟೇ. ಅದೇ ಕಂಪನಿ 1981ರಲ್ಲಿ ಕಾಕ್‌ಪಿಟ್ ಸಿಬ್ಬಂದಿಗೆ ಒಟ್ಟಾಗಿ ಕೆಲಸ ಮಾಡುವುದನ್ನೇ ಕಲಿಸುವ ತರಬೇತಿ ಶುರು ಮಾಡಿತು. ಈಗ ಅದನ್ನು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ, ಚುಟುಕಾಗಿ ಸಿಆರ್‌ಎಂ.

ನೀವು ನಡೆಸುವುದು ಎಮರ್ಜೆನ್ಸಿ ವಾರ್ಡ್ ಇರಬಹುದು, ಆಂಬುಲೆನ್ಸ್ ಇರಬಹುದು, ಬೆಂಕಿ ಆರಿಸುವ ದಳ, ಬೆಟ್ಟ ಹತ್ತುವ ತಂಡ, ನಡುರಾತ್ರಿ ಸರ್ವರ್ ಬಿದ್ದಾಗ ಏಳಬೇಕಾದ ಟೀಮ್, ಏನಾದರೂ ಆಗಿರಲಿ. ಕೆಳಗಿನ ಹೆಜ್ಜೆಗಳೆಲ್ಲ ಸುತ್ತಿ ಬಂದು ನಿಲ್ಲುವುದು ಈ ಒಂದು ವಿಷಯಕ್ಕೇ.

1. ನಿಮ್ಮ ಒತ್ತಡ ಯಾವ ಜಾತಿಯದು ಅಂತ ಮೊದಲು ನೋಡಿ

ಒತ್ತಡ ಎಲ್ಲ ಕಡೆ ಒಂದೇ ಅಲ್ಲ. ಹತ್ತು ನಿಮಿಷ ಜೀವ ಬಾಯಿಗೆ ಬಂದು ಆಮೇಲೆ ಮನೆಗೆ ಹೋಗುವ ಒತ್ತಡ ಒಂದು. ತಿಂಗಳುಗಟ್ಟಲೆ ಅದೇ ಮುಖ, ಅದೇ ಗೋಡೆ, ಅದೇ ಕೆಲಸ ಅನ್ನುವ ಒತ್ತಡ ಇನ್ನೊಂದು. ಮೊದಲನೆಯದರಲ್ಲಿ ಮಿಂಚುವವರು ಎರಡನೆಯದರಲ್ಲಿ ಪಕ್ಕದವರ ಪ್ರಾಣ ತಿನ್ನಬಹುದು.

2010ರಿಂದ 2011ರ ತನಕ ಮಾಸ್ಕೋದಲ್ಲಿ ಆರು ಜನರನ್ನು ಮಂಗಳ ಗ್ರಹಕ್ಕೆ ಹೋಗುವ ತಾಲೀಮು ಅಂತ 520 ದಿನ ಒಳಗೆ ಮುಚ್ಚಿಟ್ಟಿದ್ದರು. ಹೆಸರು ಮಾರ್ಸ್-500. ಅಲ್ಲಿ ಸ್ಫೋಟ ಇಲ್ಲ, ಅಪಘಾತ ಇಲ್ಲ, ಬರೀ ಬೇಸರ. ಅವರು ವಾರವಾರ ಕೊಟ್ಟ ವರದಿಗಳನ್ನು ಆಮೇಲೆ ಲೆಕ್ಕ ಹಾಕಿದಾಗ ಎರಡು ವಿಷಯ ಗೊತ್ತಾಯಿತು. ವರದಿಯಾದ ಜಗಳಗಳಲ್ಲಿ ಶೇ. 85ರಷ್ಟು ಬಂದಿದ್ದು ಅತಿ ಜಾಸ್ತಿ ಒತ್ತಡ, ದಣಿವು ಅನುಭವಿಸುತ್ತಿದ್ದ ಇಬ್ಬರಿಂದಲೇ. ಒಳಗಿನವರ ನಡುವಿನ ಜಗಳಕ್ಕಿಂತ ಹೊರಗೆ ಕೂತ ಕಂಟ್ರೋಲ್ ಕೇಂದ್ರದ ಜೊತೆಗಿನ ಜಗಳ ಐದು ಪಟ್ಟು. ಹಾಗಾಗಿ ದೂರದಲ್ಲಿರುವ ನಿಮ್ಮ ತಂಡ ಹೆಡ್ ಆಫೀಸನ್ನು ಬೈಯಲು ಶುರು ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಸಿಟ್ಟು ಎಲ್ಲಿಗೋ ಹೋಗಲೇಬೇಕು, ಪಕ್ಕದ ಹಾಸಿಗೆಯವನ ಮೇಲೆ ಹೋಗುವುದಕ್ಕಿಂತ ಅದು ವಾಸಿ. ಆದರೆ ಒಳಗೆ ಯಾರೋ ದಣಿದಿದ್ದಾರೆ ಅನ್ನುವುದಕ್ಕೆ ಅದೇ ಮೊದಲ ಗುರುತು.

2. ಆಯ್ಕೆ: ಇಂಟರ್‌ವ್ಯೂನಲ್ಲಿ ಕಾಣದ್ದನ್ನು ಕಾಣುವುದು

ಕೆಲಸ ಬರಬೇಕು. ಇದರಲ್ಲಿ ರಾಜಿ ಬೇಡ. ಕೆಲಸ ಬರದ ಒಳ್ಳೆಯವನು ಒತ್ತಡದ ಹೊತ್ತಿನಲ್ಲಿ ಎಲ್ಲರಿಗೂ ಭಾರ. ಆದರೆ ಅರ್ಜಿ ಹಾಕಿದವರಲ್ಲಿ ಕೆಲಸ ಬರುವವರು ಹತ್ತು ಜನ ಇದ್ದಾಗ ಆರಿಸುವುದು ಹೇಗೆ, ಅದು ಪ್ರಶ್ನೆ.

"ನೀವು ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ?" ಅಂತ ಕೇಳಬೇಡಿ. ಉತ್ತರ ಕಂಠಪಾಠ ಆಗಿರುತ್ತದೆ. ಬದಲಿಗೆ, ಮೇಲಿನವರಿಗೆ ಇಷ್ಟವಾಗದ ಮಾತು ಕೊನೆಯ ಸಲ ಹೇಳಿದ್ದು ಯಾವಾಗ, ಹೇಗೆ ಹೇಳಿದಿರಿ, ಆಮೇಲೆ ಏನಾಯಿತು ಅಂತ ಕೇಳಿ. ಒಬ್ಬರು ತಡಕಾಡುತ್ತಾರೆ. ಇನ್ನೊಬ್ಬರು ಹೇಳಿದ್ದನ್ನೆಲ್ಲ ಗೆದ್ದ ಕಥೆ ಮಾಡುತ್ತಾರೆ, ಬಾಸ್ ಮೂರ್ಖ, ತಾನು ಜಾಣ. ಮತ್ತೊಬ್ಬರು ಸುಮ್ನೆ ನಡೆದದ್ದನ್ನು ಹೇಳುತ್ತಾರೆ: ಹೇಳಿದೆ, ಅವರು ಒಪ್ಪಲಿಲ್ಲ, ಕಾರಣ ಕೊಟ್ಟರು, ಅರ್ಧ ನಾನೇ ತಪ್ಪಿದ್ದೆ. ನನಗೆ ಬೇಕಾದವರು ಈ ಮೂರನೆಯವರು.

ಎರಡನೆಯ ಕೆಲಸ, ಅವರ ಕೈಕೆಳಗೆ ದುಡಿದವರ ಹತ್ತಿರ ಮಾತಾಡಿ. ಮೇಲಿನವರು ಕೊಟ್ಟ ಸರ್ಟಿಫಿಕೇಟ್‌ಗೆ ಬೆಲೆ ಕಡಿಮೆ. ಮೇಲಿನವರ ಮುಂದೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಅಲ್ವಾ? ಕ್ಲೀನಿಂಗ್‌ನವರು, ಡ್ರೈವರ್, ಟ್ರೈನಿಗಳು ಏನು ಹೇಳುತ್ತಾರೆ ಕೇಳಿ.

ಮೂರನೆಯದು ಸ್ವಲ್ಪ ಖರ್ಚಿನ ಕೆಲಸ, ಆದರೆ ಇದಕ್ಕೆ ಸಮನಾದದ್ದು ಇಲ್ಲ. ಒಂದು ಪೂರ್ತಿ ದಿನ, ಸಾಧ್ಯವಾದರೆ ಒಂದು ರಾತ್ರಿಯನ್ನೂ ಸೇರಿಸಿ, ಜೊತೆಗೆ ಕೆಲಸ ಮಾಡಿಸಿ. ಮಾಡಿಸುವುದು ಬೇಸರದ ಕೆಲಸ ಆಗಿರಲಿ. ಸಾಮಾನು ಎಣಿಸುವುದು, ಹೊರುವುದು, ತೊಳೆಯುವುದು. ಮಧ್ಯದಲ್ಲಿ ಪ್ಲ್ಯಾನ್ ಬದಲಿಸಿ. ಹಸಿವು, ನಿದ್ದೆ, ಗೊಂದಲ ಮೂರೂ ಒಟ್ಟಿಗೆ ಬಂದಾಗ ಯಾರು ಚಿಕ್ಕ ಕೆಲಸಕ್ಕೆ ಕೈ ಹಾಕುತ್ತಾರೆ, ಯಾರು "ಅದು ನನ್ನ ಕೆಲಸ ಅಲ್ಲ" ಅನ್ನುತ್ತಾರೆ, ಯಾರು ಮಾತೇ ಬಿಡುತ್ತಾರೆ ಅನ್ನುವುದು ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.

ಧ್ರುವಯಾನಿ ಶ್ಯಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟಾಗ ಭೌತವಿಜ್ಞಾನಿ ರೆಜಿನಾಲ್ಡ್ ಜೇಮ್ಸ್ ಅವರನ್ನು ಕೆಲವೇ ನಿಮಿಷ ಮಾತಾಡಿಸಿ, ಹಾಡಲು ಬರುತ್ತದಾ ಅಂತ ಕೇಳಿ ಸೇರಿಸಿಕೊಂಡರು. ಈ ಕಥೆಯನ್ನು ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ಬಹಳ ಹೇಳುತ್ತಾರೆ. ಹಡಗು ಮಂಜಿನಲ್ಲಿ ಸಿಕ್ಕು ನುಚ್ಚುನೂರಾಗಿ ಮುಳುಗಿದರೂ ಅದರಲ್ಲಿದ್ದ 28 ಜನರೂ ಬದುಕಿ ಬಂದರು, ನಿಜ. ಆದರೆ ಅದೇ ಯಾನಕ್ಕಾಗಿ ಖಂಡದ ಆ ಕಡೆಯಿಂದ ಹೊರಟಿದ್ದ ರಾಸ್ ಸಮುದ್ರದ ತಂಡದಲ್ಲಿ ಮೂವರು ಸತ್ತರು. ಅದನ್ನು ಯಾರೂ ಹೇಳುವುದಿಲ್ಲ. ಐದು ನಿಮಿಷದ ಇಂಟರ್‌ವ್ಯೂ ನಕಲು ಮಾಡಬೇಡಿ. ಅದರ ಹಿಂದಿನ ಯೋಚನೆ ಮಾತ್ರ ತೆಗೆದುಕೊಳ್ಳಿ: ಈ ಮನುಷ್ಯನ ಜೊತೆ ಬಹಳ ದಿನ ಇರಬಹುದಾ?

ಇನ್ನೊಂದು ಮಾತು. ಒಗ್ಗಟ್ಟು ಅಂದರೆ ಎಲ್ಲರೂ ಒಂದೇ ಅಚ್ಚಿನವರು ಅಂತಲ್ಲ. ಒಂದೇ ಕಾಲೇಜು, ಒಂದೇ ವಯಸ್ಸು, ಒಂದೇ ತರದ ಮಾತು ಇರುವವರನ್ನು ಸೇರಿಸಿದರೆ ಮೊದಲ ತಿಂಗಳು ಬಹಳ ಚೆನ್ನಾಗಿರುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಒಂದೇ ತಪ್ಪು ಮಾಡುತ್ತಾರೆ.

3. ಸಂಖ್ಯೆ, ಜವಾಬ್ದಾರಿ

ಕಾಡ್ಗಿಚ್ಚು ಮತ್ತು ಇತರ ಅನಾಹುತಗಳಿಗೆ ಅಮೆರಿಕದಲ್ಲಿ ಬಳಸುವ ಇನ್ಸಿಡೆಂಟ್ ಕಮಾಂಡ್ ಪದ್ಧತಿಯಲ್ಲಿ ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು ಅನ್ನುತ್ತಾರೆ. ನಾನೂ ಅಷ್ಟೇ ಹೇಳುವುದು. ಹನ್ನೆರಡು ಜನ ಇದ್ದರೆ ಎರಡು ಗುಂಪು ಮಾಡಿ, ಇಬ್ಬರಿಗೆ ಜವಾಬ್ದಾರಿ ಕೊಡಿ. ಪ್ರತಿ ಕೆಲಸಕ್ಕೂ ಎರಡನೆಯ ಕೈ ಇರಲಿ. ನೀವೇ ಬಿದ್ದರೆ ಯಾರು ನಡೆಸಬೇಕು ಅನ್ನುವುದನ್ನು ಹೆಸರಿಟ್ಟು ಎಲ್ಲರ ಮುಂದೆ ಹೇಳಿ. ಸಂಕಟದ ಹೊತ್ತಿನಲ್ಲಿ ಸಾಧ್ಯವಾದಷ್ಟೂ ಲೀಡರ್ ಕೈ ಖಾಲಿ ಇರಬೇಕು. ಎದೆ ಒತ್ತುತ್ತಿರುವ ಡಾಕ್ಟರಿಗೆ ಇಡೀ ಕೋಣೆ ಕಾಣುವುದಿಲ್ಲ. ಒಂದು ಹೆಜ್ಜೆ ಹಿಂದೆ ನಿಂತವರಿಗೆ ಕಾಣುತ್ತದೆ.

4. ಕಷ್ಟ ಬರುವ ಮೊದಲೇ ಜೊತೆಗೆ ಕೆಲಸ ಮಾಡಿಸಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಯಾಕೆಂದರೆ ಸಮಯ ಇಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1978ರಿಂದ 1990ರ ವರೆಗಿನ, ಸಿಬ್ಬಂದಿಯ ತಪ್ಪು ಸೇರಿದ್ದ ದೊಡ್ಡ ವಿಮಾನ ಅಪಘಾತಗಳನ್ನು 1994ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಮಾಹಿತಿ ಸಿಕ್ಕವುಗಳಲ್ಲಿ ಶೇ. 73 ಆದದ್ದು ಕ್ಯಾಪ್ಟನ್ ಮತ್ತು ಫಸ್ಟ್ ಆಫೀಸರ್ (ಸಹ ಪೈಲಟ್) ಜೊತೆಯಾಗಿ ಹಾರಿದ ಮೊದಲ ದಿನ. ಶೇ. 44 ಮೊದಲ ಹಾರಾಟದಲ್ಲೇ. ನಾಸಾದ ಇನ್ನೊಂದು ಅಧ್ಯಯನದಲ್ಲಿ, ಹಲವು ದಿನ ಜೊತೆಗೆ ಹಾರಿ ದಣಿದಿದ್ದ ಸಿಬ್ಬಂದಿ, ಚೆನ್ನಾಗಿ ವಿಶ್ರಾಂತಿ ಪಡೆದರೂ ಒಬ್ಬರಿಗೊಬ್ಬರು ಹೊಸಬರಾಗಿದ್ದವರಿಗಿಂತ ಕಡಿಮೆ ಗಂಭೀರ ತಪ್ಪು ಮಾಡಿದರು. ಓದಿದಾಗ ನನಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ರೋಸ್ಟರ್ ಹಾಕುವವರು ವಾರವಾರ ಜನರನ್ನು ಇಸ್ಪೀಟಿನ ಎಲೆ ಕಲೆಸಿದ ಹಾಗೆ ಕಲೆಸುತ್ತಾರಲ್ಲ, ಅವರಿಗೆ ಈ ಲೆಕ್ಕ ತೋರಿಸಿ.

ಕಲೆಸುವುದು ತಪ್ಪುವುದೇ ಇಲ್ಲ ಅನ್ನುವ ಕಡೆ, ಕೆಲಸ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ಹೆಸರು ಮತ್ತು ತಮ್ಮ ಕೆಲಸ ಬಾಯಿಬಿಟ್ಟು ಹೇಳಲಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಚರ್ಮಕ್ಕೆ ಚಾಕು ತಾಗುವ ಮುಂಚೆ ಎಲ್ಲರೂ ಪರಿಚಯ ಹೇಳಿಕೊಳ್ಳುವುದೂ ಅದರಲ್ಲಿ ಒಂದು. ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು. ಅದು ಹೆಸರು ಹೇಳಿದ್ದಕ್ಕೇ ಇಳಿಯಿತು ಅಂತ ನಾನು ಹೇಳುತ್ತಿಲ್ಲ, ಉಳಿದ ಅಂಶಗಳೂ ಇವೆ. ಆದರೆ ಒಂದು ಸಲ ಬಾಯಿ ತೆರೆದವರು ಎರಡನೆಯ ಸಲ ಬೇಗ ತೆರೆಯುತ್ತಾರೆ. ಇದನ್ನು ಯಾವ ಮೀಟಿಂಗ್‌ನಲ್ಲಿ ಬೇಕಾದರೂ ನೋಡಬಹುದು.

ಜೊತೆಗಿನ ಅಭ್ಯಾಸ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1949ರ ಆಗಸ್ಟ್ 5ರ ಮ್ಯಾನ್ ಗಲ್ಚ್ ಬೆಂಕಿಯಷ್ಟು ನೋವಿನ ಉದಾಹರಣೆ ಇಲ್ಲ. ಅಮೆರಿಕದ ಮೊಂಟಾನಾದಲ್ಲಿ ವಿಮಾನದಿಂದ ಹಾರಿ ಕಾಡ್ಗಿಚ್ಚು ಆರಿಸುವ ದಳ ಇಳಿಯಿತು. ಬೆಂಕಿ ತಿರುಗಿ ಇವರ ಕಡೆಗೇ ಓಡಿ ಬಂತು. ದಳದ ಮುಖ್ಯಸ್ಥ ವ್ಯಾಗ್ನರ್ ಡಾಜ್ ಓಡುವುದನ್ನು ನಿಲ್ಲಿಸಿ ತನ್ನ ಮುಂದಿನ ಒಣಹುಲ್ಲಿಗೆ ತಾನೇ ಬೆಂಕಿ ಕೊಟ್ಟ. ಅದು ಸುಟ್ಟು ಬರಿದಾದ ಜಾಗದಲ್ಲಿ ಬಂದು ಮಲಗಿ ಅಂತ ಎಲ್ಲರಿಗೂ ಕೂಗಿದ. ದೊಡ್ಡ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ, ಉಪಾಯ ಸರಿಯಾಗಿಯೇ ಇತ್ತು. ಆದರೆ ಯಾರೂ ನಿಲ್ಲಲಿಲ್ಲ. ಬೆಂಕಿಯಿಂದ ಓಡುವಾಗ ಎದುರಿಗೆ ಇನ್ನೊಂದು ಬೆಂಕಿ ಹಚ್ಚಿದವನನ್ನು ನೋಡಿ ಅವರಿಗೆ ಏನನ್ನಿಸಿರಬೇಕು? ಆತನ ಜೊತೆ ಅವರಲ್ಲಿ ಹೆಚ್ಚಿನವರಿಗೆ ಒಡನಾಟ ಕಡಿಮೆ. ಡಾಜ್ ಬದುಕಿದ, ಬಂಡೆಯ ಸಂದಿಯಿಂದ ದಾಟಿದ ಇಬ್ಬರು ಬದುಕಿದರು, 13 ಜನ ಸತ್ತರು.

ವಿಚಿತ್ರ ಅನ್ನಿಸುವ ಆದೇಶವನ್ನು ಜನ ಪಾಲಿಸಬೇಕಾದರೆ, ಸಾಮಾನ್ಯ ದಿನಗಳಲ್ಲಿ ನೀವು ಯೋಚಿಸುವ ರೀತಿ ಅವರಿಗೆ ಗೊತ್ತಿರಬೇಕು. ಅದಕ್ಕೇ ಸಣ್ಣ ನಿರ್ಧಾರಗಳಿಗೂ ಕಾರಣ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಹೊತ್ತಿಲ್ಲದ ದಿನ ಕಾರಣವಿಲ್ಲದೆ ನಂಬುವ ಜನ ನಿಮಗೆ ಬೇಕು, ಆ ನಂಬಿಕೆಯನ್ನು ಹೊತ್ತಿರುವ ದಿನಗಳಲ್ಲೇ ಗಳಿಸಬೇಕು. ತಾಲೀಮು ಮಾಡುವಾಗ ಒಂದೆರಡು ಸಲ ನಿಮ್ಮನ್ನೇ ಗಾಯಾಳು ಮಾಡಿ ಮಲಗಿಸಿ, ನೀವಿಲ್ಲದೆ ನಡೆಸಲಿ. ನೋಡಲು ಮಜಾ ಇರುತ್ತದೆ, ನಿಮ್ಮ ಅಹಂಕಾರಕ್ಕೂ ಒಳ್ಳೆಯದು.

5. ಬಾಯಿ ಬಿಡುವುದನ್ನು ನಿಯಮ ಮಾಡಿ

"ನನ್ನ ಬಾಗಿಲು ಯಾವಾಗಲೂ ತೆರೆದಿದೆ" ಅಂತ ಎಲ್ಲ ಲೀಡರುಗಳೂ ಹೇಳುತ್ತಾರೆ. ಯಾರೂ ಒಳಗೆ ಬರುವುದಿಲ್ಲ.

1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮೇಲೇರಲು ಓಟ ಶುರು ಮಾಡಿದ್ದ ವಿಮಾನದ ಫ್ಲೈಟ್ ಇಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದ್ದ. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಮಾತು ಅಲ್ಲಿಗೇ ನಿಂತಿತು.

ಇದಕ್ಕೆ ಪರಿಹಾರ ಧೈರ್ಯದ ಭಾಷಣ ಅಲ್ಲ, ಮೊದಲೇ ಒಪ್ಪಿಕೊಂಡ ಮಾತುಗಳು. ಮೂರು ಮೆಟ್ಟಿಲು ಸಾಕು. "ನನಗೆ ಆತಂಕ ಆಗ್ತಿದೆ." ಕೇಳದಿದ್ದರೆ, "ಇದು ಸುರಕ್ಷಿತ ಅಲ್ಲ." ಅದನ್ನೂ ಕೇಳದಿದ್ದರೆ, "ನಿಲ್ಲಿಸಿ." ಈ ಕೊನೆಯ ಮಾತು ಯಾರ ಬಾಯಲ್ಲಿ ಬಂದರೂ, ನಿನ್ನೆ ಸೇರಿದ ಹುಡುಗಿಯೇ ಹೇಳಿದರೂ, ಎಲ್ಲರೂ ಕೈ ನಿಲ್ಲಿಸಬೇಕು. ಕಾರಣ ಆಮೇಲೆ. ಆಕೆ ತಪ್ಪು ಹೇಳಿದ್ದರೂ ಬೈಯುವ ಹಾಗಿಲ್ಲ. ಒಂದೇ ಒಂದು ಸಲ ಬೈದಿರೋ, ಆ ನಿಯಮ ಸತ್ತ ಹಾಗೆ.

ನಿಜವಾದ ಪರೀಕ್ಷೆ ನಿಮ್ಮ ಮುಖಕ್ಕೆ. ಯಾರೋ ಮೊದಲ ಬಾರಿ ಕೆಟ್ಟ ಸುದ್ದಿ ತಂದಾಗ ಉಳಿದವರೆಲ್ಲ ನೋಡುವುದು ಸುದ್ದಿಯನ್ನಲ್ಲ, ನಿಮ್ಮನ್ನು. "ಹೇಳಿದ್ದು ಒಳ್ಳೆಯದಾಯಿತು, ಈಗ ಏನು ಬೇಕು?" ಇಷ್ಟು ಬಾಯಿಗೆ ಬರುವ ಹಾಗೆ ಅಭ್ಯಾಸ ಮಾಡಿ. ಮೀಟಿಂಗ್‌ನಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. "ಎಲ್ಲ ಸರಿ ಇದೆ ತಾನೆ?" ಅಂತ ಕೇಳುವುದನ್ನು ಬಿಡಿ, ಅದಕ್ಕೆ ಹೌದು ಅನ್ನದೆ ಬೇರೆ ದಾರಿಯೇ ಇರುವುದಿಲ್ಲ. "ನಾವು ಏನು ಮರೆತಿದ್ದೇವೆ?" ಅಂತ ಕೇಳಿ, ಕೇಳಿ ಸುಮ್ಮನಿರಿ. ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ.

ಹೀಗೆ ಮಾಡಿದರೆ ವರದಿಯಾಗುವ ತಪ್ಪುಗಳು ಜಾಸ್ತಿ ಆಗುತ್ತವೆ. ಹೆದರಬೇಡಿ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳ ಬಗ್ಗೆ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಮಾಡಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವ ಇದ್ದ ವಾರ್ಡುಗಳಲ್ಲೇ ಲೆಕ್ಕಕ್ಕೆ ಸಿಕ್ಕ ತಪ್ಪುಗಳು ಜಾಸ್ತಿ ಇದ್ದವು. ಅಲ್ಲಿ ಜನ ಮುಚ್ಚಿಡುತ್ತಿರಲಿಲ್ಲ.

6. ಸಂಕಟ ಬಂದೇ ಬಂತು

"ಯಾರಾದರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಹೆಸರು ಹಿಡಿದು ಹೇಳಿ. ಕೇಳಿದವರು ಅದನ್ನೇ ತಿರುಗಿ ಹೇಳಲಿ, ಮುಗಿದ ಮೇಲೆ ಮುಗಿಯಿತು ಅನ್ನಲಿ. ಒಬ್ಬರ ಕೆಲಸ ಬರೀ ಗಡಿಯಾರ ನೋಡುವುದಾಗಿರಲಿ. ಇಂಧನ, ಆಮ್ಲಜನಕ, ಬ್ಯಾಟರಿ, ಬೆಳಕು, ನಿಮ್ಮ ಕೆಲಸದಲ್ಲಿ ಮುಗಿದುಹೋಗುವ ವಸ್ತು ಯಾವುದೋ ಅದನ್ನು ಗಟ್ಟಿಯಾಗಿ ಹೇಳುತ್ತಿರಲಿ. ಸಾಧ್ಯವಾದರೆ ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ನಿಂತು, ಏನಾಗಿದೆ, ಏನು ಮಾಡುತ್ತಿದ್ದೇವೆ, ಮುಂದೇನು ಅಂತ ಎಲ್ಲರಿಗೂ ಕೇಳುವಂತೆ ಹೇಳಿ. ಧ್ವನಿ ತಗ್ಗಿಸಿ. ನೀವು ಕೂಗಿದರೆ ಎಲ್ಲರೂ ಕೂಗುತ್ತಾರೆ.

ಸಹಾಯ ಕೈಗೆ ಸಿಕ್ಕರೆ ತೆಗೆದುಕೊಳ್ಳಿ. 1989ರ ಜುಲೈ 19ರಂದು ಯುನೈಟೆಡ್ 232 ವಿಮಾನದ ಬಾಲದ ಇಂಜಿನ್ ಒಡೆದು, ವಿಮಾನವನ್ನು ತಿರುಗಿಸಲು ಬೇಕಾದ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. ಅಂಥ ಸ್ಥಿತಿಗೆ ಯಾವ ಕೈಪಿಡಿಯಲ್ಲೂ ಉತ್ತರ ಇರಲಿಲ್ಲ. ಪ್ರಯಾಣಿಕನಾಗಿ ಕೂತಿದ್ದ ತರಬೇತುದಾರ ಪೈಲಟ್ ಡೆನ್ನಿಸ್ ಫಿಚ್ ಸಹಾಯ ಮಾಡಬಹುದಾ ಅಂತ ಕೇಳಿಸಿದಾಗ ಕ್ಯಾಪ್ಟನ್ ಆಲ್ ಹೇನ್ಸ್ ಕೂಡಲೇ ಕಾಕ್‌ಪಿಟ್‌ಗೆ ಕರೆಸಿಕೊಂಡು, ಉಳಿದ ಎರಡು ಇಂಜಿನ್‌ಗಳ ಥ್ರಾಟಲ್ (ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಕೈಗೆ ಕೊಟ್ಟರು. ಒಳಗಿದ್ದ ಮೂವರು, ಫಿಚ್, ಹೀಗೆ ನಾಲ್ವರೂ ಸೇರಿ ಅಮೆರಿಕದ ಸೂ ಸಿಟಿಯ ರನ್‌ವೇ ತನಕ ತಂದರು. ಇಳಿಯುವಾಗ ವಿಮಾನ ಒಡೆದು ಉರಿಯಿತು. 296 ಜನರಲ್ಲಿ 184 ಜನ ಬದುಕಿದರು. ಸಿಆರ್‌ಎಂ ತರಬೇತಿಯಿಂದಲೇ ಇದು ಸಾಧ್ಯವಾಯಿತು ಅಂತ ಹೇನ್ಸ್ ಆಮೇಲೆ ಊರೂರಿಗೆ ಹೋಗಿ ಹೇಳುತ್ತಿದ್ದರು.

7. ದಿನಗಟ್ಟಲೆ ಎಳೆದರೆ

ಮೊದಲು ನಿದ್ದೆ. 17 ಗಂಟೆ ಎದ್ದಿದ್ದವರ ಕೈ, ಬುದ್ಧಿ ಎರಡೂ ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟೇ ನಿಧಾನ ಆಗುತ್ತವೆ ಅಂತ 1997ರಲ್ಲೇ ಅಳೆದು ತೋರಿಸಿದ್ದಾರೆ. ಕುಡಿದವರಿಗೆ ಸ್ಟೀರಿಂಗ್ ಕೊಡುವುದಿಲ್ಲ ತಾನೆ? ಎಲ್ಲರಿಗೂ ಸರದಿ ಹಾಕಿ, ಮೊದಲ ಸರದಿಯಲ್ಲೇ ನೀವೂ ಮಲಗಿ. ನೀವು ಮಲಗದಿದ್ದರೆ ಉಳಿದವರಿಗೆ ಮಲಗಲು ನಾಚಿಕೆ.

ಆಮೇಲೆ ಸಮಪಾಲು. ದಣಿದ ಜನ ದೊಡ್ಡ ಅನ್ಯಾಯ ತಡೆದಾರು, ಬಿಸ್ಕತ್ತಿನಲ್ಲಿ ಆದ ಮೋಸ ತಡೆಯುವುದಿಲ್ಲ. ಹಿಂದಿನ ಧ್ರುವಯಾನಿಗಳು ಊಟವನ್ನು ಪಾಲು ಮಾಡಿ, ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಇದು ಯಾರಿಗೆ ಅಂತ ಕೇಳಿ ಅವನು ಹೇಳಿದ ಹೆಸರಿಗೆ ಕೊಡುತ್ತಿದ್ದರು. 2010ರಲ್ಲಿ ಚಿಲಿಯ ಗಣಿಯಲ್ಲಿ 33 ಜನ ಸಿಕ್ಕಿಕೊಂಡಾಗ ಮೊದಲ 17 ದಿನ ಹೊರಗಿನ ಸಂಪರ್ಕವೇ ಇರಲಿಲ್ಲ. ಇದ್ದ ಚೂರುಪಾರು ಆಹಾರವನ್ನು ಎಲ್ಲರಿಗೂ ಸಮನಾಗಿ, ಚಮಚದ ಲೆಕ್ಕದಲ್ಲಿ ಹಂಚಿದರು. ಶಿಫ್ಟ್ ಮೇಲ್ವಿಚಾರಕ ಲೂಯಿಸ್ ಉರ್ಸುವಾ 69ನೇ ದಿನ ಎಲ್ಲರಿಗಿಂತ ಕೊನೆಗೆ ಮೇಲೆ ಬಂದರು. ಲೀಡರ್‌ಗೆ ಒಂದು ಚಮಚ ಜಾಸ್ತಿ ಸಿಕ್ಕಿದ್ದರೆ ಆ ಕಥೆ ಬೇರೆ ತರ ಇರುತ್ತಿತ್ತು.

ನಗುವಿಗೂ ಜಾಗ ಇರಲಿ. ಹಡಗು ಬಿಟ್ಟು ಮಂಜಿನ ಮೇಲೆ ನಡೆಯಬೇಕಾದಾಗ ಶ್ಯಾಕಲ್ಟನ್ ಎಲ್ಲರ ಸಾಮಾನನ್ನೂ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಸಿದರು. ಆದರೆ ತಂಡದ ಹವಾಮಾನ ತಜ್ಞ ಹಸ್ಸಿಯ ಬ್ಯಾಂಜೋ ವಾದ್ಯವನ್ನು ಮಾತ್ರ ಉಳಿಸಿಕೊಂಡರು.

8. ಹೊಂದದವರು

ಇಲ್ಲಿ ಇಬ್ಬರನ್ನು ಬೇರೆ ಮಾಡಿ ನೋಡಬೇಕು. ತಂಡ ಕೆಡಿಸುವವರು ಬೇರೆ, ಕಹಿ ಸತ್ಯ ಹೇಳುವವರು ಬೇರೆ. ದೂರದಿಂದ ಇಬ್ಬರೂ ಒಂದೇ ತರ ಕಾಣುತ್ತಾರೆ.

ನಾರ್ವೆಯ ಧ್ರುವಯಾನಿ ಅಮುಂಡ್‌ಸೆನ್ 1911ರ ಸೆಪ್ಟೆಂಬರಿನಲ್ಲಿ ದಕ್ಷಿಣ ಧ್ರುವಕ್ಕೆ ಅವಸರ ಮಾಡಿ ಹೊರಟು, ಚಳಿ ತಡೆಯದೆ ವಾಪಸ್ ಬಂದರು. ಬರುವಾಗ ತಂಡ ಚದುರಿತು. ಯಾಲ್ಮಾರ್ ಯೊಹಾನ್ಸೆನ್ ಹಿಂದೆ ಉಳಿದು ಕಾಲು ಹೆಪ್ಪುಗಟ್ಟಿದ್ದ ಜೊತೆಗಾರನನ್ನು ಕರೆದುಕೊಂಡು ಬಂದರು, ಮರುದಿನ ಎಲ್ಲರ ಮುಂದೆ ಲೀಡರನ್ನು ತರಾಟೆಗೆ ತೆಗೆದುಕೊಂಡರು. ಅಮುಂಡ್‌ಸೆನ್ ಅವರನ್ನು ಧ್ರುವದ ತಂಡದಿಂದಲೇ ತೆಗೆದುಹಾಕಿದರು. ಡಿಸೆಂಬರ್ 14ಕ್ಕೆ ಐವರು ಧ್ರುವ ಮುಟ್ಟಿದರು, ಗೆಲುವು ಗೆಲುವೇ. ಆದರೆ ಯೊಹಾನ್ಸೆನ್ ಹೇಳಿದ್ದು ಸರಿ ಇತ್ತು ಅನ್ನುವುದೂ ನಿಜ. ಎಲ್ಲರ ಮುಂದೆ ಬೈದದ್ದು ತಪ್ಪಿರಬಹುದು. ಬೇರೆಯಾಗಿ ಹೇಳಲು ಆ ಶಿಬಿರದಲ್ಲಿ ದಾರಿ ಇತ್ತಾ ಅಂತ ನಾನಾದರೆ ಮೊದಲು ಕೇಳುತ್ತೇನೆ.

ನಿಜವಾಗಿ ಕೆಡಿಸುವವರಿದ್ದರೆ, ಒಬ್ಬರನ್ನೇ ಕೂರಿಸಿ, ನಿಮ್ಮ ಸ್ವಭಾವ ಹೀಗೆ ಅನ್ನದೆ, ಯಾವ ದಿನ ಏನು ಮಾಡಿದಿರಿ, ಅದರಿಂದ ಏನಾಯಿತು ಅಂತ ಹೇಳಿ. ಬದಲಾಗದಿದ್ದರೆ ಕೆಲಸ ಬದಲಿಸಿ. ಅದೂ ಆಗದಿದ್ದರೆ ಶಾಂತವಾಗಿರುವ ದಿನಗಳಲ್ಲೇ ಕಳಿಸಿಬಿಡಿ. ಕಳಿಸಲು ಆಗದ ಜಾಗದಲ್ಲಿದ್ದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಶ್ಯಾಕಲ್ಟನ್ ತಕರಾರಿನವರನ್ನು ತಮ್ಮ ಡೇರೆಯಲ್ಲೇ ಮಲಗಿಸುತ್ತಿದ್ದರು. ಗೊಣಗು ಮೂಲೆಗಳಲ್ಲಿ ಹರಡುವ ಬದಲು ಅವರ ಕಿವಿಗೇ ಬೀಳುತ್ತಿತ್ತು.

9. ಮುಗಿದ ಮೇಲೆ

ಒಂದು ದಿನದೊಳಗೆ ಕೂತು ಮಾತಾಡಿ. ಏನಾಗಬೇಕಿತ್ತು, ಏನಾಯಿತು, ಯಾಕೆ, ಮುಂದಿನ ಸಲ ಏನು ಬದಲು. ನಿಮ್ಮದೇ ಒಂದು ನಿರ್ಧಾರವನ್ನು ಮೊದಲು ಮೇಜಿನ ಮೇಲಿಡಿ, ಆಮೇಲೆ ಎಲ್ಲರಿಗಿಂತ ಕಿರಿಯರು ಮಾತಾಡಲಿ. ತೀರ್ಮಾನ ಎರಡೋ ಮೂರೋ ಸಾಕು, ಪ್ರತಿಯೊಂದಕ್ಕೂ ಒಬ್ಬರ ಹೆಸರು.

ಈ ಕೂಟದಲ್ಲಿ ಮನಸ್ಸಿನ ನೋವು ಹೇಳಿಕೊಳ್ಳಿ ಅಂತ ಬಲವಂತ ಮಾಡಬೇಡಿ. ಆಘಾತ ಕಂಡವರನ್ನು ತಕ್ಷಣ ಒಟ್ಟಿಗೆ ಕೂರಿಸಿ ಅದನ್ನೆಲ್ಲ ಮತ್ತೆ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ಊಟ, ನಿದ್ದೆ, ಮನೆಯವರ ಜೊತೆ ಮಾತು, ಬೇಕೆಂದವರಿಗೆ ಕೇಳುವ ಕಿವಿ. ವಾರಗಳು ಕಳೆದರೂ ನಿದ್ದೆ ಬರದಿದ್ದರೆ, ಅದೇ ದೃಶ್ಯ ಕಾಡುತ್ತಿದ್ದರೆ ತಜ್ಞರ ಹತ್ತಿರ ಕಳಿಸಿ, ಅದಕ್ಕೆ ರಜೆಯನ್ನೂ ನೀವೇ ಕೊಡಿ.

ಹೊಸಬರು ಸೇರಿದಾಗ ಮೊದಲ ವಾರವೇ ಒಂದು ನೋಟ್‌ಬುಕ್ ಕೊಡಿ. ಇಲ್ಲಿ ವಿಚಿತ್ರ ಅನ್ನಿಸಿದ್ದನ್ನೆಲ್ಲ ಬರೆಯಲಿ, ಶನಿವಾರ ನಿಮ್ಮ ಎದುರು ಓದಲಿ. ತಡ ಮಾಡಬೇಡಿ, ತಿಂಗಳು ಕಳೆದರೆ ಅವರಿಗೂ ಅದೆಲ್ಲ ಮಾಮೂಲಿ ಅನ್ನಿಸಲು ಶುರುವಾಗುತ್ತದೆ.